ದಿನಕ್ಕೆ ಮೂರು ಸೆಕೆಂಡ್ ಮುಂದೆ ಓಡುವ ಡಿಜಿಟಲ್ ವಾಚು: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಸಕಲೇಶಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮ ಭಾವ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೆಲಸ ಬಿಡಿಸುವುದು ಎರಡೂ ಅವರ ಕೈಯಲ್ಲಿರುವ ಡಿಜಿಟಲ್ ವಾಚಿನ ಪ್ರಕಾರವೇ. ಹೋದ ಜೂನ್‌ನಲ್ಲಿ ಹಾಸನಕ್ಕೆ ನಮ್ಮ ಮನೆಗೆ ಬಂದವರು, ಊಟಕ್ಕೆ ಕೂರುವ ಮೊದಲೇ ವಾಚು ಬಿಚ್ಚಿ ನನ್ನ ಮುಂದಿಟ್ಟರು.

“ತಿಂಗಳಿಗೆ ಒಂದೂವರೆ ನಿಮಿಷ ಮುಂದೆ ಓಡ್ತಾ ಇದೆ ಕಣಯ್ಯಾ. ಬೆಳಿಗ್ಗೆ ಬೇಗ ಗಂಟೆ ಹೊಡೆದೆ ಅಂತ ಆಳುಗಳು, ಸಂಜೆ ಬೇಗ ಬಿಟ್ಟೆ ಅಂತ ಸಾಹುಕಾರ್ರು. ಇಬ್ಬರ ಹತ್ರನೂ ಬೈಸ್ಕೊಳ್ತಾ ಇದೀನಿ.”

“ಇದಕ್ಕೆ ಏನಾದ್ರೂ ಮಾಡಿದ್ರಾ ಭಾವ?”

“ಏನೂ ಇಲ್ಲಪ್ಪ.”

ಈ ಉತ್ತರ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದೂವರೆ ನಿಮಿಷ ದೋಷವೇ, ಅಲ್ಲವೇ ಅನ್ನುವುದು ಮೊದಲ ಪ್ರಶ್ನೆ. ಸಾಧಾರಣ ಕ್ವಾರ್ಟ್ಸ್ ವಾಚುಗಳಿಗೆ ತಯಾರಕರು ಕೊಡುವ ಮಾತು ತಿಂಗಳಿಗೆ 15ರಿಂದ 30 ಸೆಕೆಂಡ್ ಆಚೀಚೆ. ಎಲ್ಲರ ಕೈಯಲ್ಲೂ ಕಾಣುವ ಕ್ಯಾಸಿಯೋ ಎಫ್-91ಡಬ್ಲ್ಯೂಗೆ 30 ಸೆಕೆಂಡ್ ಅಂತಲೇ ಇದೆ. ನಿಮ್ಮ ವಾಚು ತಿಂಗಳಿಗೆ 20 ಸೆಕೆಂಡ್ ತಪ್ಪುತ್ತಿದ್ದರೆ ಅದು ಕೆಟ್ಟಿಲ್ಲ, ಹುಟ್ಟಿದ್ದೇ ಹಾಗೆ. ಬೇಕಾದರೆ ತಿದ್ದಬಹುದು, ಆದರೆ ಅದು ರಿಪೇರಿಯಲ್ಲ, ಹವ್ಯಾಸ. ತಿಂಗಳಿಗೆ 90 ಸೆಕೆಂಡ್ ಅಂದರೆ ಮಾತ್ರ ಒಳಗೇನೋ ಆಗಿದೆ.

ಬಿಚ್ಚುವ ಮೊದಲು ಅಳೆಯಿರಿ

ವಾಚಿನೊಳಗೆ ಶ್ರುತಿಕವೆಯ ಆಕಾರದ ಪುಟ್ಟ ಕ್ವಾರ್ಟ್ಸ್ ಹರಳೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ 1 ಬರುತ್ತದೆ, ಅದೇ ನಿಮ್ಮ ಸೆಕೆಂಡ್. ತಪ್ಪನ್ನು ಅಳೆಯುವ ಅಳತೆ ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಒಂದು ಪಾಲು. 1 ಪಿಪಿಎಂ ಅಂದರೆ ದಿನಕ್ಕೆ 0.0864 ಸೆಕೆಂಡ್, ತಿಂಗಳಿಗೆ ಸುಮಾರು 2.6 ಸೆಕೆಂಡ್. ಭಾವ ಹೇಳಿದ ಲೆಕ್ಕ ನಿಜವಾಗಿದ್ದರೆ ಅವರ ವಾಚಿನದು ಸುಮಾರು 35 ಪಿಪಿಎಂ ತಪ್ಪು.

ಆದರೆ ಮಾಲೀಕರು ಹೇಳಿದ ಲೆಕ್ಕವನ್ನು ನಾನು ನಂಬುವುದಿಲ್ಲ. ಸುಳ್ಳು ಹೇಳುತ್ತಾರೆ ಅಂತಲ್ಲ. ಎಷ್ಟೋ ಸಲ ತುಂಬು ತೋಳಿನ ಅಂಗಿಯೋ ಸ್ವೆಟರೋ ಒತ್ತಿ ವಾಚು ಸೆಟ್ಟಿಂಗಿಗೆ ಹೋಗಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಆ ಸ್ಥಿತಿಯಲ್ಲಿ ಸೆಕೆಂಡ್ ಮಿನುಗುವಾಗ ಗುಂಡಿ ಒತ್ತಿದರೆ ಹೆಚ್ಚಿನ ವಾಚುಗಳು ಸೆಕೆಂಡನ್ನು ಸೊನ್ನೆ ಮಾಡುತ್ತವೆ; 30ರಿಂದ 59ರ ನಡುವೆ ಇದ್ದರೆ ನಿಮಿಷವನ್ನೂ ಒಂದು ಏರಿಸುತ್ತವೆ. ಹೀಗೆ ಒಂದೇ ಏಟಿಗೆ ಅರ್ಧ ನಿಮಿಷ ಮುಂದೋ ಹಿಂದೋ ಹಾರುತ್ತದೆ. ಹೊರಗಿನಿಂದ ನೋಡಿದವರಿಗೆ ‘ತಿಂಗಳಿಗೆ ಅರ್ಧ ನಿಮಿಷ ಓಡುವ ವಾಚು’. ಹಾಗಾಗಿ ದಿನಾ ಬರೆದಿಡಲೇಬೇಕು. ಹಾರಿದ ತಪ್ಪೋ, ನಡೆದು ಬಂದ ತಪ್ಪೋ ಅನ್ನುವುದು ಬರೆದ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ.

ಹೋಲಿಸುವುದಕ್ಕೆ ಒಂದು ನಿಜ ಗಡಿಯಾರ ಬೇಕು. ನಮ್ಮ ದೇಶದ ಅಧಿಕೃತ ಸಮಯ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಇಂಟರ್ನೆಟ್ ಮೂಲಕ ಸಮಯ ಹೊಂದಿಸಿಕೊಳ್ಳುವ ಕಂಪ್ಯೂಟರಿದ್ದರೆ ಅದೇ ಸಾಕು. ಫೋನಿನ ಮೇಲ್ಪಟ್ಟಿಯ ಗಡಿಯಾರ ಬೇಡ, ಅದು ಟವರಿನಿಂದ ಸಮಯ ತೆಗೆದುಕೊಳ್ಳುವಾಗ ಒಂದೆರಡು ಸೆಕೆಂಡ್ ತಪ್ಪಿರಬಹುದು. ಫೋನಿನ ಸ್ಟಾಪ್‌ವಾಚಂತೂ ಬೇಡವೇ ಬೇಡ, ಅದು ಓಡುವುದು ಫೋನಿನ ಹರಳಿನ ಮೇಲೆ. ಕುಂಟನ ನಡಿಗೆಯನ್ನು ಇನ್ನೊಬ್ಬ ಕುಂಟನ ಪಕ್ಕ ನಿಲ್ಲಿಸಿ ಅಳೆದಂತೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಆಕಾಶವಾಣಿಯ ವಾರ್ತೆಗೆ ಮೊದಲು ಬರುವ ಪಿಪ್ ಪಿಪ್ ಉಪಗ್ರಹದ ಮೂಲಕ ಹಾಸನಕ್ಕೆ ಬಂದಿದ್ದರೆ ಸುಮಾರು ಕಾಲು ಸೆಕೆಂಡ್ ತಡ. ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಅಷ್ಟೇ ಕೆಳಗಿಳಿಯಬೇಕಲ್ಲ. ಆದ್ದರಿಂದ ರೇಡಿಯೋ ಹೋಲಿಕೆಗೆ ಬಾರದು ಅನ್ನುತ್ತಾರೆ. ಹಾಗಲ್ಲ. ನಮಗೆ ಬೇಕಿರುವುದು ವಾಚು ಎಷ್ಟು ಮುಂದಿದೆ ಅನ್ನುವುದಲ್ಲ, ದಿನಕ್ಕೆ ಎಷ್ಟು ಮುಂದೆ ಹೋಗುತ್ತಿದೆ ಅನ್ನುವುದು. ಕಾಲು ಸೆಕೆಂಡ್ ತಡ ಇವತ್ತೂ ಇದೆ, ನಾಳೆಯೂ ಇದೆ. ಕಳೆದಾಗ ಎರಡೂ ವಜಾ. ಸಣ್ಣ ರೇಡಿಯೋ ಸೆಟ್ಟಿನಲ್ಲಿ ಕೇಳಿದ ಪಿಪ್ ಹಾಗಾಗಿ ಧಾರಾಳವಾಗಿ ನಡೆಯುತ್ತದೆ. ಅದೇ ಪಿಪ್ ಅನ್ನು ಫೋನಿನ ಆ್ಯಪ್‌ನಲ್ಲಿ ಕೇಳಿದರೆ ಇವತ್ತು ಎಂಟು ಸೆಕೆಂಡ್ ತಡ, ನಾಳೆ ಹದಿನೈದು. ಟಿವಿಯೂ ಅಷ್ಟೇ. ಬದಲಾಗುವ ತಡ ಮಾತ್ರ ನಮ್ಮ ಶತ್ರು.

ನಾನು ಮಾಡುವುದು ಇಷ್ಟು: ಕಂಪ್ಯೂಟರಿನ ಪರದೆಯ ಮೇಲೆ ಸೆಕೆಂಡ್ ತೋರಿಸುವ ಗಡಿಯಾರ ಇಟ್ಟು, ಪಕ್ಕದಲ್ಲಿ ವಾಚನ್ನು ಹಿಡಿದು, ಫೋನಿನಲ್ಲಿ ಹತ್ತು ಸೆಕೆಂಡ್ ವಿಡಿಯೋ. ಆಮೇಲೆ ಫ್ರೇಮ್ ಫ್ರೇಮ್ ಆಗಿ ಸರಿಸಿ, ಪರದೆಯಲ್ಲಿ ಸೆಕೆಂಡ್ ಬದಲಾದ ಫ್ರೇಮಿಗೂ ವಾಚಿನಲ್ಲಿ ಬದಲಾದ ಫ್ರೇಮಿಗೂ ನಡುವೆ ಎಷ್ಟು ಫ್ರೇಮ್ ಇವೆ ಎಂದು ಎಣಿಸುವುದು. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ ಅಂದರೆ 0.03 ಸೆಕೆಂಡ್. ಕಣ್ಣಳತೆಯಲ್ಲಿ ಒಂದು ವಾರ ಹಿಡಿಯುವ ಕೆಲಸ ಒಂದು ದಿನಕ್ಕೆ ಮುಗಿಯುತ್ತದೆ.

ಭಾವನ ವಾಚನ್ನು ಇಟ್ಟುಕೊಂಡು ಅವರಿಗೆ ನನ್ನ ಹಳೆಯ ಮುಳ್ಳಿನ ವಾಚು ಕೊಟ್ಟು ಕಳಿಸಿದೆ. ಮೊದಲ ದಿನ 0.4 ಸೆಕೆಂಡ್ ಮುಂದೆ. ಮಾರನೆಯ ದಿನ 3.2. ಆಮೇಲೆ 6.1. ಆರನೆಯ ದಿನಕ್ಕೆ 14.6. ಕಳೆದು ಭಾಗಿಸಿದರೆ ದಿನಕ್ಕೆ 2.84 ಸೆಕೆಂಡ್, ಹತ್ತಿರ ಹತ್ತಿರ 33 ಪಿಪಿಎಂ. ಹಾರಿಲ್ಲ, ಕುಂಟಿಲ್ಲ, ಒಂದೇ ಹೆಜ್ಜೆಯಲ್ಲಿ ಓಡುತ್ತಿದೆ.

ಪಟ್ಟಿ ಏನು ಹೇಳುತ್ತದೆ

ಇಷ್ಟು ಸಂಖ್ಯೆ ಕೈಯಲ್ಲಿದ್ದರೆ ಅರ್ಧ ದೋಷ ಸಿಕ್ಕಿದಂತೆ.

ವಾಚು ಇದ್ದಕ್ಕಿದ್ದಂತೆ ಜನವರಿ 1ಕ್ಕೆ, 12 ಗಂಟೆಗೆ ಹೋಗಿ ನಿಲ್ಲುತ್ತಿದ್ದರೆ ಹರಳಿನ ತಂಟೆಗೆ ಹೋಗಬೇಡಿ. ಸೆಲ್ ಹಿಡಿಯುವ ತಗಡಿನ ನಾಲಿಗೆ ಸಡಿಲವಾಗಿದೆ, ಅಥವಾ ಸೆಲ್ ಮುಗಿದಿದೆ. ದಿನಕ್ಕೆ ನಿಮಿಷಗಟ್ಟಲೆ ಹಿಂದೆ ಬೀಳುತ್ತಿದ್ದರೆ, ಒಂದು ದಿನ ಎರಡು ನಿಮಿಷ, ಇನ್ನೊಂದು ದಿನ ಹತ್ತು ಎಂದು ಮನಸ್ಸು ಬಂದ ಹಾಗೆ ಆಡುತ್ತಿದ್ದರೆ, ಹರಳು ಆಗಾಗ ಕಂಪಿಸುವುದನ್ನೇ ನಿಲ್ಲಿಸುತ್ತಿದೆ: ಕೆಳಗೆ ಬಿದ್ದು ಬಿರುಕು ಬಿಟ್ಟಿರಬೇಕು, ಇಲ್ಲವೇ ಒಳಗೆ ತೇವ.

ತೇವದ ಮಾತು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ವಾಚಿನ ರಬ್ಬರ್ ಉಂಗುರ ಹಳೆಯದಾಗಿದ್ದರೆ ಒಳಗೂ ಹಿಡಿಯುತ್ತದೆ. ಹರಳಿನ ಸುತ್ತಲಿನ ಮಂಡಲದಲ್ಲಿ ಹರಿಯುವ ಕರೆಂಟು ಎಷ್ಟು ಅಲ್ಪ ಅಂದರೆ, ಎರಡು ಬೆಸುಗೆಗಳ ನಡುವೆ ಕೂತ ತೇವದ ಪೊರೆಯೇ ಅದನ್ನು ಸೋರಿಸಿಬಿಡಬಲ್ಲದು. ಅಕ್ಕಿ ಡಬ್ಬದಲ್ಲಿ ಹೂತಿಡುವ ವೈದ್ಯ ಬೇಡ. ಅಕ್ಕಿಯ ಹುಡಿ ಗುಂಡಿಗಳ ಸಂದಿಗೆ ಹೋಗುತ್ತದೆ, ತೇವ ಅಲ್ಲೇ ಇರುತ್ತದೆ. ಹಿಂದಿನ ಮುಚ್ಚಳ ತೆಗೆದು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬದಲ್ಲಿ ಎರಡು ದಿನ ಇಡಿ.

ಇನ್ನು ಚಳಿ ಮತ್ತು ಬಿಸಿಲು. ಈ ಹರಳು ಅತಿ ವೇಗವಾಗಿ ಕಂಪಿಸುವುದು ಸುಮಾರು 25 ಡಿಗ್ರಿಯಲ್ಲಿ. ಅಲ್ಲಿಂದ ಕೆಳಗಿಳಿದರೂ ನಿಧಾನ, ಮೇಲೇರಿದರೂ ನಿಧಾನ. ಎಷ್ಟು ನಿಧಾನ ಅನ್ನುವುದಕ್ಕೆ ಸರಳ ಲೆಕ್ಕ: 25ರಿಂದ ಎಷ್ಟು ಡಿಗ್ರಿ ದೂರವೋ ಅದರ ವರ್ಗವನ್ನು 0.034ರಿಂದ ಗುಣಿಸಿ, ಪಿಪಿಎಂ ಬರುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿ ಗೂಟಕ್ಕೆ ನೇತುಹಾಕಿದ ವಾಚು 15 ಡಿಗ್ರಿಯಲ್ಲಿದ್ದರೆ 3.4 ಪಿಪಿಎಂ, ಹತ್ತು ಗಂಟೆಗೆ ಸೆಕೆಂಡಿನ ಎಂಟನೆಯ ಒಂದು ಭಾಗ. ಬಿಸಿಲಿನಲ್ಲಿ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಬಿದ್ದಿದ್ದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಎರಡೂ ಸಲ ಹಿಂದೆ ಬೀಳುವುದೇ ಹೊರತು ಮುಂದೆ ಓಡುವುದಿಲ್ಲ. ಮುಂದೆ ಓಡುವ ವಾಚಿಗೆ ಹವೆಯನ್ನು ಬೈಯುವಂತಿಲ್ಲ.

ಭಾವನ ವಾಚು ಮುಂದೆ ಓಡುತ್ತಿತ್ತು, ಸಮವಾಗಿ ಓಡುತ್ತಿತ್ತು. ತೇವ ಅಲ್ಲ, ಚಳಿ ಅಲ್ಲ, ಸೆಲ್ ಅಲ್ಲ, ಬಿರುಕೂ ಅಲ್ಲ. ಹರಳಿಗೆ ಜೊತೆಯಾಗಿರುವ ಕೆಪಾಸಿಟರಿನಲ್ಲಿ, ಅಂದರೆ ವಿದ್ಯುತ್ತನ್ನು ತುಸು ಹಿಡಿದಿಡುವ ಪುಟ್ಟ ಬಿಡಿಭಾಗದಲ್ಲಿ, ಏನೋ ಕಡಿಮೆಯಾಗಿದೆ. ಈ ಜೊತೆ ಕೆಪಾಸಿಟರ್ ಹರಳಿಗೆ ಕಟ್ಟಿದ ತೂಕದ ಹಾಗೆ. ಹೆಚ್ಚಿದರೆ ಹರಳು ನಿಧಾನ, ಕಡಿಮೆಯಾದರೆ ಚುರುಕು. 12.5 ಪಿಕೋಫ್ಯಾರಡ್‌ಗೆಂದು (ಕೆಪಾಸಿಟರನ್ನು ಅಳೆಯುವ ಅಳತೆ ಇದು) ಮಾಡಿದ ಸಾಮಾನ್ಯ ಹರಳಿನಲ್ಲಿ ಒಂದು ಪಿಕೋಫ್ಯಾರಡ್ ಆಚೀಚೆಯಾದರೆ ಸುಮಾರು 9 ಪಿಪಿಎಂ, ದಿನಕ್ಕೆ ಮುಕ್ಕಾಲು ಸೆಕೆಂಡ್.

ಫೋನ್ ಮಾಡಿದೆ. “ಭಾವ, ಸೆಲ್ ಯಾವಾಗ ಹಾಕಿಸಿದ್ರಿ?”

“ಹಾಕಿಸೋದೇನು, ಶಿವರಾತ್ರಿ ಟೈಮಲ್ಲಿ ನಾನೇ ಹಾಕ್ದೆ. ಕನ್ನಡಕದ ಸ್ಕ್ರೂಡ್ರೈವರ್ ಇತ್ತಲ್ಲ.”

“ಒಳಗೆ ಬೇರೆ ಏನಾದ್ರೂ ಮುಟ್ಟಿದ್ರಾ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಒಂದು ಪುಟ್ಟ ಸ್ಕ್ರೂ ಸಡಿಲ ಇತ್ತು. ಬಿಗಿ ಮಾಡ್ದೆ.”

ಅದು ಸ್ಕ್ರೂ ಅಲ್ಲ. ಅದೇ ಟ್ರಿಮ್ಮರ್, ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದಾದ ಜೊತೆ ಕೆಪಾಸಿಟರ್.

ಬಿಚ್ಚುವುದು

ಜೂನ್ ಹಾಸನದಲ್ಲಿ ವಾಚು ಬಿಚ್ಚುವ ತಿಂಗಳಲ್ಲ. ಮಳೆ ಬಿಟ್ಟು ಬಿಸಿಲು ಕಂಡ ಒಂದು ಭಾನುವಾರದವರೆಗೆ ಕಾದೆ. ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳಿಗೆ ಒಂದು ಬಟ್ಟಲು ಇಟ್ಟುಕೊಂಡು ಶುರುಮಾಡಿ. ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ತೆಗೆದು, ಮುಚ್ಚಳವನ್ನು ನೇರ ಮೇಲಕ್ಕೆ ಎತ್ತಬೇಕು. ಪಕ್ಕಕ್ಕೆ ಜಾರಿಸಿದರೆ ಬೀಪ್ ಸದ್ದಿನ ಪುಟ್ಟ ಸ್ಪ್ರಿಂಗ್ ಹಾರಿಹೋಗುತ್ತದೆ. ಅದು ಜೀರಿಗೆ ಕಾಳಿನಷ್ಟು. ಹಾರಿಹೋದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಡಿ. ಸ್ಪ್ರಿಂಗ್ ಕಾಣದಿದ್ದರೂ ಅದರ ಉದ್ದನೆಯ ನೆರಳು ಕಾಣುತ್ತದೆ. (ಅನುಭವದ ಮಾತು. ಈ ವಾಚಿನದ್ದಲ್ಲ.)

ಒಳಗೆ ಸೆಲ್ ಪಕ್ಕದಲ್ಲಿ ಸಣ್ಣಕ್ಕಿ ಕಾಳಿನ ಗಾತ್ರದ ಬೆಳ್ಳಿ ಬಣ್ಣದ ಕೊಳವೆ ಕಂಡರೆ ಅದು ಹರಳು. ಅದರ ಹತ್ತಿರದಲ್ಲೇ ಚಪ್ಪಟೆ ತಲೆಯ, ನಡುವೆ ಸೀಳಿರುವ ಒಂದು ಪುಟ್ಟ ಬಿಲ್ಲೆ ಇದ್ದರೆ ಅದೃಷ್ಟ, ನಿಮ್ಮ ವಾಚಿಗೆ ಟ್ರಿಮ್ಮರ್ ಇದೆ. ಭಾವನ ವಾಚಿನಲ್ಲಿ ಆ ಸೀಳಿನ ಅಂಚಿಗೆ ಹೊಳೆಯುವ ಹೊಸ ಗೀರು ಬಿದ್ದಿತ್ತು. ಪಾಪ, ಕೈಲಾದಷ್ಟು ಬಿಗಿ ಮಾಡಿದ್ದಾರೆ. ಪುಣ್ಯಕ್ಕೆ ಟ್ರಿಮ್ಮರ್ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ, ಸುಮ್ಮನೆ ಸುತ್ತುತ್ತದೆ. ಒಳಗೆ ಎರಡು ಅರ್ಧಚಂದ್ರದ ತಗಡುಗಳು. ಒಂದರ ಮೇಲೊಂದು ಪೂರ್ತಿ ಬಂದಾಗ ಕೆಪಾಸಿಟಿ ಅತಿ ಹೆಚ್ಚು, ಅರ್ಧ ಸುತ್ತು ತಿರುಗಿ ಬೇರೆಯಾದಾಗ ಅತಿ ಕಡಿಮೆ, ಇನ್ನರ್ಧ ಸುತ್ತಿಗೆ ಮತ್ತೆ ಮೊದಲಿನಂತೆ. ಹಾಗಾಗಿ ‘ಬಲಕ್ಕೆ ತಿರುಗಿಸಿದರೆ ನಿಧಾನ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವ ಅರ್ಧದಲ್ಲಿದ್ದೀರಿ ಅನ್ನುವುದರ ಮೇಲೆ ಅದು ತಿರುಗುಮುರುಗಾಗುತ್ತದೆ.

ಟ್ರಿಮ್ಮರ್ ಕಾಣಿಸದಿದ್ದರೆ? ಈಗಿನ ಬಹಳಷ್ಟು ವಾಚುಗಳಲ್ಲಿ ಅದಿಲ್ಲ. ಹರಳನ್ನು ಬೇಕೆಂದೇ ತುಸು ಚುರುಕಾಗಿಟ್ಟು, ಎಲೆಕ್ಟ್ರಾನಿಕ್ ಚಿಪ್ ತಾನೇ ಆಗಾಗ ಕೆಲವು ಕಂಪನಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು ಸರಿದೂಗಿಸುತ್ತದೆ. ಎಷ್ಟು ಬಿಡಬೇಕೆಂದು ಕಾರ್ಖಾನೆಯಲ್ಲೇ ಬರೆದಿಟ್ಟಿರುತ್ತಾರೆ. ಅಂಥ ವಾಚನ್ನು ಮನೆಯಲ್ಲಿ ತಿದ್ದಲು ಹೋಗಬೇಡಿ, ಮುಚ್ಚಳ ಮುಚ್ಚಿ ತಿಂಗಳಿಗೊಮ್ಮೆ ಸಮಯ ಹೊಂದಿಸಿಕೊಳ್ಳಿ. ನನಗೇನೋ ಹಳೆಯ ಟ್ರಿಮ್ಮರೇ ಇಷ್ಟ.

ಸೆಲ್ ಬಗ್ಗೆ ಒಂದೇ ಮಾತು. ಗುಂಡಿ ಸೆಲ್ಲುಗಳಲ್ಲಿ ಎಸ್‌ಆರ್ ಎಂದು ಶುರುವಾಗುವುದು ಸಿಲ್ವರ್ ಆಕ್ಸೈಡ್, 1.55 ವೋಲ್ಟ್, ಕೊನೆಯವರೆಗೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎಲ್‌ಆರ್ ಎಂದಿರುವುದು ಆಲ್ಕಲೈನ್, ಅಳತೆ ಅದೇ, ಬೆಲೆ ಕಡಿಮೆ, ಆದರೆ ವೋಲ್ಟೇಜ್ ದಿನದಿನಕ್ಕೆ ಇಳಿಯುತ್ತದೆ. ಅದರ ಜೊತೆ ವಾಚಿನ ನಡಿಗೆಯೂ ಸ್ವಲ್ಪ ಬದಲಾಗುತ್ತದೆ. ಸೆಲ್ ಬದಲಿಸುವುದಿದ್ದರೆ ಟ್ರಿಮ್ಮರ್ ಮುಟ್ಟುವ ಮೊದಲೇ ಬದಲಿಸಿ. ಬದಲಿಸಿದ ಮೇಲೆ ಎಸಿ (ಆಲ್ ಕ್ಲಿಯರ್, ಎಲ್ಲ ಅಳಿಸು) ಎಂದು ಬರೆದ ಜಾಗ ಕಂಡರೆ, ಅದನ್ನೂ ಸೆಲ್‌ನ ಪ್ಲಸ್ ಮೇಲ್ಮೈಯನ್ನೂ ಲೋಹದ ಚಿಮಟದಿಂದ ಎರಡು ಸೆಕೆಂಡ್ ಒಟ್ಟಿಗೆ ಮುಟ್ಟಿಸಿ. ಇಲ್ಲದಿದ್ದರೆ ಪರದೆಯಲ್ಲಿ ಅರ್ಥವಿಲ್ಲದ ಗೀಟುಗಳು ಬರಬಹುದು.

ಊದುಬತ್ತಿ ಕಡ್ಡಿಯ ಸ್ಕ್ರೂಡ್ರೈವರ್

ಟ್ರಿಮ್ಮರನ್ನು ಲೋಹದ ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ನಿಮ್ಮ ಕೈಯೇ ಕೆಪಾಸಿಟರ್ ಆಗಿ ಸೇರಿಕೊಳ್ಳುತ್ತದೆ. ಆಗ ಕಾಣುವ ನಡಿಗೆ ಬೇರೆ, ಕೈ ತೆಗೆದ ಮೇಲಿನ ನಡಿಗೆ ಬೇರೆ. ಮೇಲಾಗಿ ಗೀರು ಬೀಳುತ್ತದೆ. ದೇವರ ಮನೆಯಲ್ಲಿ ಉರಿದು ಉಳಿದ ಊದುಬತ್ತಿಯ ಬಿದಿರು ಕಡ್ಡಿ ತೆಗೆದುಕೊಂಡು, ಬಣ್ಣ ಹಚ್ಚಿದ ತುದಿಯನ್ನು ಬ್ಲೇಡಿನಿಂದ ಎರಡೂ ಕಡೆ ಸವರಿ ಉಳಿಯ ಆಕಾರ ಮಾಡಿದೆ. ಬಿದಿರಿನ ನಾರು ಉದ್ದಕ್ಕೆ ಇರುವುದರಿಂದ ತುದಿ ತೆಳ್ಳಗಾದರೂ ಮುರಿಯುವುದಿಲ್ಲ. ಮೂರು ಸಲ ಸವರಬೇಕಾಯಿತು. ಮೊದಲೆರಡು ಸಲ ದಪ್ಪವಾಗಿ ಸೀಳಿನೊಳಗೆ ಕೂರಲಿಲ್ಲ.

ತಿರುಗಿಸುವ ಮೊದಲು ಫೋಟೋ ತೆಗೆಯಿರಿ. ಸೀಳು ಯಾವ ದಿಕ್ಕಿಗಿತ್ತು ಅನ್ನುವುದೇ ನಿಮ್ಮ ವಾಪಸು ಬರುವ ದಾರಿ. ಫೋಟೋ ಇಲ್ಲದೆ ತಿರುಗಿಸಿದವನು ಕಾಡಿನಲ್ಲಿ ಗುರುತು ಮಾಡದೆ ನಡೆದವನ ಹಾಗೆ.

ಮೊದಲು ಬಲಕ್ಕೆ ಸುಮಾರು 15 ಡಿಗ್ರಿ, ಅಂದರೆ ಗಡಿಯಾರದ ಮುಖದಲ್ಲಿ ಎರಡೂವರೆ ನಿಮಿಷದಷ್ಟು. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಒಂದು ದಿನ ಬಿಟ್ಟೆ. ಮುಚ್ಚಳ ಹಾಕಿಯೇ ಅಳೆಯಬೇಕು. ಲೋಹದ ಮುಚ್ಚಳ ಹತ್ತಿರ ಬಂದಾಗ ಅದೂ ಒಂದಿಷ್ಟು ಕೆಪಾಸಿಟಿ ಸೇರಿಸುತ್ತದೆ. ಮಾರನೆಯ ದಿನ ನೋಡಿದರೆ 4.0 ಸೆಕೆಂಡ್ ಮುಂದೆ. ತಪ್ಪು ದಿಕ್ಕು. ತಪ್ಪಾದರೂ ನಷ್ಟವಿಲ್ಲ, 15 ಡಿಗ್ರಿಗೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬದಲಾಗುತ್ತದೆ ಅನ್ನುವ ಲೆಕ್ಕ ಸಿಕ್ಕಿತು.

ಮೊದಲಿನ ಜಾಗಕ್ಕೆ ತಂದು, ಅಲ್ಲಿಂದ ಎಡಕ್ಕೆ 15 ಡಿಗ್ರಿ. ಮಾರನೆಯ ದಿನ 1.5 ಮುಂದೆ. ಇನ್ನೂ ಅಷ್ಟೇ ತಿರುಗಿಸಿದರೆ ಸೊನ್ನೆಯ ಹತ್ತಿರ ಬರಬೇಕು. ಈ ಲೆಕ್ಕ ಸುತ್ತಿನ ಉದ್ದಕ್ಕೂ ಒಂದೇ ಸಮ ನಡೆಯುವುದಿಲ್ಲ, ಗಮನವಿರಲಿ: ಕೆಪಾಸಿಟಿ ಕಡಿಮೆ ಇರುವ ಕಡೆ ಕೂದಲೆಳೆ ತಿರುಗಿಸಿದರೂ ಎಗರುತ್ತದೆ, ಹೆಚ್ಚಿರುವ ಕಡೆ ಎಷ್ಟು ತಿರುಗಿಸಿದರೂ ಮಂದ. ಮೂರನೆಯ ಸಲ ಎಡಕ್ಕೆ ಮತ್ತೆ 15ರ ಆಸುಪಾಸು. ಮಾರನೆಯ ದಿನ 0.1 ಮುಂದೆ.

ಅಲ್ಲಿಗೆ ಕೈ ತೆಗೆದೆ. ಆ 0.1 ಅನ್ನೂ ಓಡಿಸಬೇಕೆಂಬ ಆಸೆ ನನಗೂ ಬಂತು. ಆದರೆ 0.1 ಸೆಕೆಂಡ್ ಅಂದರೆ ಸುಮಾರು 1 ಪಿಪಿಎಂ. ವಾಚು ಮೇಜಿನ ಮೇಲಿದೆಯೋ ಮೈಬಿಸಿ ತಾಗುವ ಮಣಿಕಟ್ಟಿನ ಮೇಲಿದೆಯೋ ಅನ್ನುವುದಕ್ಕೇ ಅಷ್ಟು ವ್ಯತ್ಯಾಸ ಬರುತ್ತದೆ. ಹರಳಿಗೂ ವಯಸ್ಸಾಗುತ್ತದೆ, ಹೊಸದರಲ್ಲಿ ಮೊದಲ ವರ್ಷ ಕೆಲವು ಪಿಪಿಎಂ, ಆಮೇಲೆ ನಿಧಾನಕ್ಕೆ.

ಮುಚ್ಚುವ ಮುನ್ನ ರಬ್ಬರ್ ಉಂಗುರಕ್ಕೆ ಬೆರಳ ತುದಿಯಿಂದ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲಿನ್ ಬೇಡ, ಕೆಲವು ಬಗೆಯ ರಬ್ಬರ್ ಅದಕ್ಕೆ ಊದಿಕೊಳ್ಳುತ್ತದೆ. ಸ್ಪ್ರಿಂಗ್ ಅದರ ಗುಳಿಯಲ್ಲಿದೆಯೇ ನೋಡಿ, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ಬೋರ್ಡಿನ ಮೇಲೆ ಬೂಷ್ಟೋ ಹಸಿರು ಕಲೆಯೋ ಇದ್ದರೆ ಮುಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಷ್ ಆಡಿಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಅಲ್ಲ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಪರದೆಯ ಕಡೆಗೆ ಒಂದು ಹನಿಯೂ ಹೋಗಬಾರದು.

ಹನ್ನೆರಡು ದಿನ ನನ್ನ ಕೈಗೇ ಕಟ್ಟಿಕೊಂಡು ಓಡಾಡಿದೆ. ಒಟ್ಟು 1.0 ಸೆಕೆಂಡ್ ಮುಂದೆ. ತಿಂಗಳಿಗೆ ಎರಡೂವರೆ ಸೆಕೆಂಡ್.

ವಾಚು ತೆಗೆದುಕೊಂಡು ಹೋಗಲು ಬಂದ ಭಾವ ತಪ್ಪು ತಮ್ಮದೆಂದು ಒಪ್ಪಿಕೊಳ್ಳಲು ತಯಾರಿರಲಿಲ್ಲ. “ಅಷ್ಟು ಸೂಕ್ಷ್ಮದ್ದನ್ನ ಸ್ಕ್ರೂ ಥರ ಯಾಕೆ ಮಾಡ್ತಾರಯ್ಯಾ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಸಮಾಧಾನಕ್ಕೆ ನಮ್ಮ ಹಾಸನದ ಎಂಸಿಎಫ್ ಕಥೆ ಹೇಳಿದೆ. ಇಲ್ಲಿಂದ ಇಸ್ರೋದವರು ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ, ದಾರಿ ತೋರಿಸುವ ನಾವಿಕ್ ಉಪಗ್ರಹಗಳಲ್ಲಿ ರುಬಿಡಿಯಂನ ಅಣು ಗಡಿಯಾರಗಳಿರುತ್ತವೆ, ಮೊದಲನೆಯದಾದ ಐಆರ್‌ಎನ್‌ಎಸ್‌ಎಸ್-1ಎಯಲ್ಲಿದ್ದ ಮೂರಕ್ಕೆ ಮೂರೂ ಕೆಟ್ಟುಹೋದವು ಎಂದೆ.

“ಅದನ್ನ ಯಾರು ಬಿಗಿ ಮಾಡಿದ್ರಂತೆ?” ಎಂದು ಕೇಳಿ, ವಾಚು ಕಟ್ಟಿಕೊಂಡು ಸಕಲೇಶಪುರದ ಬಸ್ಸಿಗೆ ಹೊರಟರು. ನನ್ನ ಮುಳ್ಳಿನ ವಾಚು ವಾಪಸು ಕೊಡುವುದನ್ನು ಮರೆತರು. ಅದು ದಿನಕ್ಕೆ ಇಪ್ಪತ್ತು ಸೆಕೆಂಡ್ ಹಿಂದೆ ಬೀಳುತ್ತದೆ.